ಎಣ್ಣಿ ಹೊಡೆದರೂ ಹುಳ ಸಾಯದಿದ್ದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳ ಬೆಳೆ ಬೇರೆ, ಊರು ಬೇರೆ, ದೂರು ಮಾತ್ರ ಒಂದೇ: ಕೀಟದ ಔಷಧ, ರೈತರ ಮಾತಿನಲ್ಲಿ ಎಣ್ಣಿ, ನಾಟುತ್ತಿಲ್ಲ. ಕೆಲವು ಉತ್ತರ ಉದ್ದವಾಗಿವೆ. ಅಷ್ಟು ಹೇಳದೆ ವಿಷಯ ತಿಳಿಯುವುದಿಲ್ಲ.

ಬಸವನ ಬಾಗೇವಾಡಿಯಿಂದ: ಮೊದಲು ತೊಗರಿಗೆ ಒಂದು ಸಲ ಎಣ್ಣಿ ಹೊಡೆದರೆ ಕಾಯಿಕೊರಕ ನಿಲ್ಲುತ್ತಿತ್ತು. ಈಗ ಮೂರು ಸಲ ಹೊಡೆದರೂ ಹುಳ ಅರ್ಧ ಮೈ ಕಾಯೊಳಗೆ ತೂರಿಸಿಕೊಂಡು ಆರಾಮವಾಗಿ ತಿನ್ನುತ್ತಿರುತ್ತದೆ. "ಹುಳಕ್ಕೆ ಔಷಧ ರೂಢಿ ಆಗೇತಿ, ಡೋಸ್ ಏರಿಸ್ರಿ" ಅಂತಾರೆ ಅಂಗಡಿಯವರು. ರೂಢಿ ಆಗೋದು ಅಂದರೇನು?

ರೂಢಿ ಎಂಬ ಮಾತೇ ದಾರಿ ತಪ್ಪಿಸುತ್ತದೆ. ತಂಬಾಕು ಜಗಿಯುವವನಿಗೆ ತಂಬಾಕು ರೂಢಿಯಾಗುತ್ತದೆ, ಒಬ್ಬನೇ ಮನುಷ್ಯನ ಮೈ ವರ್ಷಗಟ್ಟಲೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹುಳದ ಕತೆ ಹಾಗಲ್ಲ. ಮೈಮೇಲೆ ಔಷಧ ಬಿದ್ದ ಹುಳ ಸಾಯುತ್ತದೆ, ಇಲ್ಲವೇ ಉಳಿಯುತ್ತದೆ. ಬದಲಾಗುವುದು ಹುಳವಲ್ಲ, ಹೊಲದಲ್ಲಿ ಉಳಿದವರ ಪಟ್ಟಿ.

ಲೆಕ್ಕ ಹಾಕಿ ನೋಡೋಣ. ಪ್ರತಿ ಹುಳದಲ್ಲೂ ಒಂದೊಂದು ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಔಷಧವನ್ನು ತಡೆಯುವ ಜೀನಿಗೆ 'ತ', ಸಾಮಾನ್ಯ ಜೀನಿಗೆ 'ಸ' ಎನ್ನೋಣ. ಔಷಧ ಕಾಲಿಡುವ ಮೊದಲು ಸಾವಿರ ಜೀನಿನಲ್ಲಿ ಒಂದು ಮಾತ್ರ 'ತ' ಇತ್ತು ಎಂದಿಟ್ಟುಕೊಳ್ಳಿ. ಆಗ 10 ಲಕ್ಷ ಹುಳದಲ್ಲಿ 'ತತ' ಆಗಿರುವುದು ಒಂದೇ ಒಂದು. 'ತಸ' ಆಗಿರುವವು 1,998. ಉಳಿದ 9,98,001 ಹುಳ 'ಸಸ'. ಅಂದರೆ ತಡೆಯುವ ಜೀನು ಬಹುಪಾಲು ಅಡಗಿರುವುದು ಈ ಮಿಶ್ರ ಹುಳಗಳಲ್ಲಿ. ಆಟವೆಲ್ಲ ಇವುಗಳದ್ದೇ.

ಈಗ ಪಂಪಿಗೆ ಅಳತೆ ಕಮ್ಮಿ ಬಿತ್ತು, ಇಲ್ಲವೇ ಹೊಡೆದು ಹತ್ತು ದಿನವಾಗಿ ಎಲೆಯ ಮೇಲಿನ ಔಷಧ ಸೊರಗಿತು ಎನ್ನಿ. 'ಸಸ' ನೂರಕ್ಕೆ 95 ಸಾಯುತ್ತವೆ, 'ತಸ' ಅರ್ಧ ಸಾಯುತ್ತವೆ, 'ತತ' ಸಾಯುವುದೇ ಇಲ್ಲ. ಉಳಿದ ಸುಮಾರು 50,900 ಹುಳದಲ್ಲಿ 'ತ' ಜೀನಿನ ಪಾಲು ಸಾವಿರಕ್ಕೊಂದರಿಂದ ನೂರಕ್ಕೊಂದಕ್ಕೆ ಏರಿತು, ಒಂದೇ ಪೀಳಿಗೆಯಲ್ಲಿ. ಮುಂದಿನ ಪೀಳಿಗೆಗೂ ಅದೇ ಔಷಧ ಬಿದ್ದರೆ ನೂರಕ್ಕೆ 8. ಮೂರನೆಯದಕ್ಕೆ ನೂರಕ್ಕೆ 36.

ಇದೇ ನಾಲ್ಕು ಪೀಳಿಗೆ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ? ಮೊದಲ ಸಿಂಪಡಣೆಯಲ್ಲಿ ನೂರಕ್ಕೆ 5 ಹುಳ ಉಳಿದವು. ಎರಡನೆಯದರಲ್ಲಿ 6. ಐದಕ್ಕೂ ಆರಕ್ಕೂ ಯಾರು ವ್ಯತ್ಯಾಸ ಹಿಡಿಯುತ್ತಾರೆ? ಮೂರನೆಯದರಲ್ಲಿ 13 ಉಳಿದಾಗ "ಯಾಕೋ ಮೋಡ ಇತ್ತು" ಎಂದುಕೊಳ್ಳುತ್ತೇವೆ. ನಾಲ್ಕನೆಯದರಲ್ಲಿ 38 ಉಳಿದಾಗ ಅಂಗಡಿಗೆ ಹೋಗಿ ಜಗಳ. ಜಗಳವಾಡುವ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಹುಳದಲ್ಲಿ ಕನಿಷ್ಠ ಒಂದು 'ತ' ಸೇರಿಯಾಗಿದೆ. ಹೊಲದಲ್ಲಿ ಔಷಧ ಸೋತದ್ದು ಕಂಡಾಗಲೇ ಗೊತ್ತಾಗುತ್ತದೆ ಎಂದು ಕುಳಿತರೆ ತಡವಾಗಿಯೇ ಗೊತ್ತಾಗುವುದು. ಅಳೆದು ನೋಡುವ ಕೆಲಸ ಅದಕ್ಕೂ ಮೊದಲು ಆಗಬೇಕು ಎಂದು ನಾವು ಹೇಳುವುದು ಇದಕ್ಕೇ.

ಅದೇ ಮೊದಲ ದಿನ ಔಷಧ ಪೂರಾ ಅಳತೆಯಲ್ಲಿ ಬಿದ್ದು 'ತಸ' ಹುಳಗಳೂ 'ಸಸ'ದಂತೆಯೇ ನೂರಕ್ಕೆ 95 ಸತ್ತಿದ್ದರೆ? 'ತ' ಪಾಲು ಸಾವಿರಕ್ಕೆ ಒಂದರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಲೇಬಲ್ಲಿನ ಡೋಸ್ ಪೂರ್ತಿ ಹಾಕಿ ಎನ್ನುವುದರ ಹಿಂದಿನ ಗಣಿತ ಇದು. ಆದರೆ ಈಗ ಡೋಸ್ ಇಮ್ಮಡಿ ಮಾಡಿ ಎನ್ನುವ ಸಲಹೆಗೆ ಈ ಗಣಿತದ ಬೆಂಬಲವಿಲ್ಲ. 'ತತ' ಹುಳ ಹೆಚ್ಚಾದ ಹೊಲದಲ್ಲಿ ಇಮ್ಮಡಿ ಡೋಸಿಗೆ ಸಾಯುವುದು ಜೇಡ, ಗುಲಗಂಜಿ ಹುಳ, ಪರೋಪಜೀವಿ ಕಣಜಗಳು. ಕಾಯಿಕೊರಕ ಅಲ್ಲ.

ಇದು ಹೊಸ ಸಂಗತಿಯೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಬು ತೋಟಗಳಲ್ಲಿ ಸುಣ್ಣ-ಗಂಧಕದ ದ್ರಾವಣಕ್ಕೆ ಶಲ್ಕ ಕೀಟ ಜಗ್ಗದಿರುವುದನ್ನು ಮೆಲಾಂಡರ್ ಎಂಬ ಕೀಟವಿಜ್ಞಾನಿ ಬರೆದದ್ದು 1914ರಲ್ಲಿ. ನಮ್ಮ ಕಾಯಿಕೊರಕ 1987ರಲ್ಲೇ ಆಂಧ್ರದ ಹತ್ತಿ ಸೀಮೆಯಲ್ಲಿ ಕೀಟನಾಶಕಗಳ ಒಂದು ಗುಂಪಾದ ಪೈರೆತ್ರಾಯ್ಡ್‌ಗಳನ್ನು ಸೋಲಿಸಿತ್ತು. ಅದರ ಒಂದು ಗುಟ್ಟು 2012ರಲ್ಲಿ ಬಯಲಾಯಿತು. ಅಕ್ಕಪಕ್ಕದ ಎರಡು ಜೀನುಗಳು ತುಂಡಾಗಿ, ಒಂದರ ತಲೆ ಇನ್ನೊಂದರ ಬಾಲಕ್ಕೆ ಕೂಡಿ, ಸಿವೈಪಿ337ಬಿ3 ಎಂಬ ಹೊಸ ಜೀನು ಹುಟ್ಟಿದೆ. ಅದು ತಯಾರಿಸುವ ಕಿಣ್ವ ಆ ಗುಂಪಿನ ಫೆನ್‌ವಲರೇಟನ್ನು ಕರಗಿಸಿ ನಿರ್ವಿಷ ಮಾಡುತ್ತದೆ.

ನಿಮ್ಮ ತೊಗರಿಗೆ ಬರೋಣ. ಒಂದು ಒಳ್ಳೆಯ ಸುದ್ದಿಯೆಂದರೆ ಕಾಯಿಕೊರಕ ಕಡಲೆ, ಜೋಳ, ಸೂರ್ಯಕಾಂತಿ, ಹತ್ತಿ, ಟೊಮೆಟೊ ಎಲ್ಲವನ್ನೂ ತಿನ್ನುತ್ತದೆ. ಎಣ್ಣಿ ಕಾಣದ ಜೋಳದ ತೆನೆಯಲ್ಲಿ ಬೆಳೆದ 'ಸಸ' ಪತಂಗ ಹಾರಿಬಂದು ನಿಮ್ಮ ಹೊಲದ 'ತತ' ಜೊತೆ ಕೂಡಿದರೆ ಮರಿಗಳೆಲ್ಲ 'ತಸ'. ಪೂರ್ತಿ ಡೋಸ್ ಬಿದ್ದರೆ ಅವು ಸಾಯುತ್ತವೆ. ಹೂವಾಡುವಾಗ ಮೊಟ್ಟೆ ಕಂಡ ಕೂಡಲೇ ಶೇ. 5ರ ಬೇವಿನ ಬೀಜದ ಕಷಾಯ, ಅಂದರೆ 100 ಲೀಟರಿಗೆ 5 ಕೆ.ಜಿ. ಬೀಜದ ಪುಡಿ. ಸಣ್ಣ ಹುಳ ಕಂಡಾಗ ಕ್ಲೋರಾಂಟ್ರನಿಲಿಪ್ರೋಲ್ 18.5 ಎಸ್‌ಸಿ, ಎಕರೆಗೆ 60 ಮಿ.ಲೀ., ಒಂದೇ ಸಲ. ಹದಿನೈದು ದಿನದ ಮೇಲೆ ಬೇಕೆನಿಸಿದರೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ, ಎಕರೆಗೆ 88 ಗ್ರಾಂ. ಒಂದೂವರೆ ಇಂಚು ಬೆಳೆದ ಹುಳಕ್ಕೆ ಹೊಡೆದು ಸಾಯಲಿಲ್ಲ ಎಂದರೆ ಅದು ನಿರೋಧಕತೆಯಲ್ಲ, ಅಂದರೆ ಔಷಧ ತಡೆಯುವ ಜೀನಿನ ಗುಣವಲ್ಲ. ದೊಡ್ಡ ಹುಳಕ್ಕೆ ಯಾವ ಔಷಧವೂ ಸಣ್ಣ ಹುಳಕ್ಕೆ ನಾಟಿದಷ್ಟು ನಾಟುವುದಿಲ್ಲ. ಅಷ್ಟು ಬೆಳೆದಿದ್ದರೆ ಗಿಡದ ಬುಡಕ್ಕೆ ತಾಡಪತ್ರಿ ಹಾಸಿ ಗಿಡ ಅಲ್ಲಾಡಿಸಿ ಬೀಳಿಸುವುದೇ ಮೇಲು. ಹಳಬರ ಈ ಉಪಾಯಕ್ಕೆ ಯಾವ ಹುಳವೂ ನಿರೋಧಕತೆ ಬೆಳೆಸಿಕೊಂಡಿಲ್ಲ.

ಬೆಳಗಾವಿ ತಾಲ್ಲೂಕಿನಿಂದ: ಕೋಬಿಗೆ (ಎಲೆಕೋಸಿಗೆ) ಡೈಮೈಡ್ ಗುಂಪಿನ ಔಷಧ ಎರಡು ಸಲ ಹೊಡೆದೆವು. ಎಲೆ ಜರಡಿಯಾಗಿದೆ, ಹಸಿರು ಹುಳ ಹಾಗೇ ಇದೆ. ಔಷಧ ನಕಲಿಯೋ, ಹುಳ ಗಟ್ಟಿಯೋ? ಮನೆಯಲ್ಲೇ ತಿಳಿಯುವ ದಾರಿ ಇದೆಯೇ?

ಇದೆ. ಅದಕ್ಕೆ ಮೊದಲು ನಾಲ್ಕು ಸಂಗತಿ ನೋಡಿಕೊಳ್ಳಿ.

ಒಂದು, ಹುಳ ಯಾವುದು? ಮುಟ್ಟಿದರೆ ಮೈ ಹೊರಳಿಸುತ್ತ ಹಿಂದಕ್ಕೆ ಸರಿದು, ನೂಲು ಬಿಟ್ಟು ಕೆಳಗೆ ಜೋತುಬಿದ್ದರೆ ಅದು ವಜ್ರಬೆನ್ನಿನ ಪತಂಗದ ಮರಿ. ಎರಡು, ಎಷ್ಟು ದಿನಕ್ಕೆ ನೋಡಿದಿರಿ? ಡೈಮೈಡ್ ಹೊಡೆದ ಕೆಲವೇ ತಾಸಿನಲ್ಲಿ ಹುಳ ತಿನ್ನುವುದು ನಿಲ್ಲಿಸುತ್ತದೆ, ಸಾಯಲು ಎರಡರಿಂದ ನಾಲ್ಕು ದಿನ ಬೇಕು. ಮರುದಿನ ಬೆಳಿಗ್ಗೆ ಹೋಗಿ "ಜೀವ ಐತಿ" ಎಂದು ಇನ್ನೊಂದು ಸುತ್ತು ಹೊಡೆದವರೇ ಹೆಚ್ಚು. ಮೂರು, ಅಂಟು ದ್ರಾವಣ ಹಾಕಿದ್ದಿರಾ? ಕೋಬಿ ಎಲೆಗೆ ಮೇಣದ ಲೇಪ ಇರುತ್ತದೆ, ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿ ಉರುಳಿಹೋಗುತ್ತದೆ. ಲೀಟರಿಗೆ ಅರ್ಧ ಮಿ.ಲೀ. ಅಂಟು ಸೇರಿಸದೆ ಹೊಡೆದದ್ದು ಮಣ್ಣಿಗೆ ಹೋದಂತೆಯೇ. ನಾಲ್ಕು, ನಾಜಲ್ ಎಲೆಯ ತಳಕ್ಕೆ ತಿರುಗಿತ್ತೇ? ಹುಳ ಇರುವುದು ಹೆಚ್ಚಾಗಿ ಅಲ್ಲೇ.

ಇವೆಲ್ಲ ಸರಿ ಇದ್ದರೆ ಎಲೆ ಅದ್ದುವ ಪರೀಕ್ಷೆ ಮಾಡಿ. ಸಾಮಾನು ಇಷ್ಟು: ಔಷಧ ತಾಗದ ಪಾರದರ್ಶಕ ಲೋಟ 9, ಮೇಲೆ ಕಟ್ಟಲು ತೆಳು ಬಟ್ಟೆ, 2 ಮಿ.ಲೀ. ಸಿರಿಂಜು, ಚಿತ್ರ ಬರೆಯುವ ಸಣ್ಣ ಕುಂಚ, ಟಿಶ್ಯೂ ಕಾಗದ, ಕೈಗವಸು, ಎಣ್ಣಿ ಹೊಡೆಯದ ಸಾಲಿನ ಕೋಬಿ ಎಲೆ. ಹೊಲದ ಐದಾರು ಕಡೆಯಿಂದ, ಒಂದೇ ಗಿಡದಿಂದಲ್ಲ, ಸುಮಾರು ಅರ್ಧ ಸೆಂಟಿಮೀಟರ್ ಉದ್ದದ 90 ಹುಳ ಆರಿಸಿ. ತೀರಾ ಸಣ್ಣವು ಕುಂಚದ ಪೆಟ್ಟಿಗೇ ಸಾಯುತ್ತವೆ, ದೊಡ್ಡವು ಎರಡು ದಿನದಲ್ಲಿ ಗೂಡು ಕಟ್ಟಿ ಲೆಕ್ಕ ಕೆಡಿಸುತ್ತವೆ. ಹಿಂದಿನ ಸಿಂಪಡಣೆಯಾಗಿ ವಾರವಾದರೂ ಆಗಿರಲಿ.

ಕೋಬಿಗೆ ಡೈಮೈಡ್ ಗುಂಪಿನ ಕ್ಲೋರಾಂಟ್ರನಿಲಿಪ್ರೋಲ್ 18.5 ಎಸ್‌ಸಿ ಪ್ರಮಾಣ ಎಕರೆಗೆ 20 ಮಿ.ಲೀ., 200 ಲೀಟರ್ ನೀರಿಗೆ. ಲೀಟರಿಗೆ 0.1 ಮಿ.ಲೀ. ಆಯಿತು. ಇಷ್ಟು ಸಣ್ಣ ಅಳತೆಯನ್ನು ಲೀಟರ್ ನೀರಿಗೆ ನೇರ ಹಾಕಲು ಹೋದರೆ ತಪ್ಪುತ್ತದೆ. ಸಿರಿಂಜಿನಿಂದ ಸರಿಯಾಗಿ 1 ಮಿ.ಲೀ. ತೆಗೆದು 10 ಲೀಟರ್ ನೀರಿಗೆ ಕಲಸಿ, ಅದರಿಂದ ಒಂದು ಲೀಟರ್ ತೆಗೆದುಕೊಳ್ಳಿ. ಇದು ಪೂರ್ಣ ಡೋಸ್. ಅದರ 250 ಮಿ.ಲೀ.ಗೆ 750 ಮಿ.ಲೀ. ನೀರು ಸೇರಿಸಿದರೆ ಕಾಲು ಡೋಸ್. ಮೂರನೆಯದು ಬರೀ ನೀರು. ಮೂರಕ್ಕೂ ಒಂದೇ ಪ್ರಮಾಣದ ಅಂಟು ಹಾಕಿ, ಬರೀ ನೀರಿಗೂ. ಉಳಿದ ದ್ರಾವಣ ಅದೇ ಬೆಳೆಯ ಸಿಂಪಡಣೆಗೆ ಹೋಗಲಿ, ಬಾವಿ-ಹಳ್ಳಕ್ಕೆ ಸುರಿಯಬೇಡಿ.

ಅಂಗೈಗಿಂತ ಸಣ್ಣ ಎಲೆತುಂಡನ್ನು 10 ಸೆಕೆಂಡ್ ಅದ್ದಿ, ನೆರಳಲ್ಲಿ ಒಂದು ತಾಸು ಆರಿಸಿ. ಮೊದಲು ನೀರು, ಆಮೇಲೆ ಕಾಲು ಡೋಸ್, ಕೊನೆಗೆ ಪೂರ್ಣ ಡೋಸ್. ಈ ಸಾಲು ತಪ್ಪಿ ಔಷಧದ ಕೈಯಲ್ಲೇ ನೀರಿನ ಎಲೆ ಮುಟ್ಟಿದರೆ ಇಡೀ ಪರೀಕ್ಷೆ ನೀರುಪಾಲು. ಲೋಟದ ತಳಕ್ಕೆ ತುಸು ತೇವದ ಟಿಶ್ಯೂ ಹಾಸಿ. ನೀರು ನಿಂತರೆ ಹುಳ ಮುಳುಗುತ್ತದೆ. ಲೋಟಕ್ಕೆ 10 ಹುಳ, ಪ್ರತಿ ದ್ರಾವಣಕ್ಕೆ 3 ಲೋಟ. ಬಿಸಿಲು ಬೀಳದ ಜಾಗದಲ್ಲಿ ಮೂರು ದಿನ ಇಟ್ಟು, 72 ತಾಸಿಗೆ ಎಣಿಸಿ. ಕುಂಚದಿಂದ ಮುಟ್ಟಿದಾಗ ಸರಿಯಾಗಿ ನಡೆಯಲಾಗದ್ದನ್ನು ಸತ್ತದ್ದೆಂದೇ ಹಿಡಿಯಿರಿ.

ಬರೀ ನೀರಿನಲ್ಲೇ 30ಕ್ಕೆ 6ಕ್ಕಿಂತ ಹೆಚ್ಚು ಸತ್ತಿದ್ದರೆ ಹುಳ ರೋಗಿಷ್ಟವಾಗಿತ್ತು, ಇಲ್ಲವೇ ನಿಮ್ಮ ಕೈ ಒರಟಾಯಿತು. ಪರೀಕ್ಷೆ ಮತ್ತೆ ಮಾಡಿ. ನೀರಿನಲ್ಲಿ ಒಂದೆರಡು ಸತ್ತು, ಪೂರ್ಣ ಡೋಸಿನಲ್ಲಿ ಎಲ್ಲವೂ ಸತ್ತಿದ್ದರೆ ಹುಳದ್ದು ತಪ್ಪಿಲ್ಲ, ಸಿಂಪಡಣೆಯದ್ದು. ಪೂರ್ಣ ಡೋಸಿನಲ್ಲೂ ಆರಕ್ಕಿಂತ ಹೆಚ್ಚು ಬದುಕಿದ್ದರೆ ಆ ಗುಂಪಿನ ಔಷಧವನ್ನು ಈ ಹಂಗಾಮಿಗೆ ಕೈಬಿಡಿ ಎಂಬುದು ನಮ್ಮ ಕೈಲೆಕ್ಕ. ಕಾಲು ಡೋಸಿನ ಲೋಟ ಮುನ್ಸೂಚನೆಗೆ. ಅದರಲ್ಲಿ ಬದುಕುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಪೂರ್ಣ ಡೋಸ್ ಸೋಲುವ ದಿನ ದೂರವಿಲ್ಲ. ಆದ್ದರಿಂದ ಬರೆದಿಟ್ಟುಕೊಳ್ಳಿ. ನಕಲಿಯ ಅನುಮಾನ ಇದ್ದರೆ ಬೇರೆ ಅಂಗಡಿಯ, ಬೇರೆ ಬ್ಯಾಚಿನ ಅದೇ ಔಷಧದಿಂದ ಇನ್ನೂ ಮೂರು ಲೋಟ ಇಡಿ. ಒಂದು ಬಾಟಲಿಗೆ ಸತ್ತು ಇನ್ನೊಂದಕ್ಕೆ ಸಾಯದಿದ್ದರೆ ಬಿಲ್ ಮತ್ತು ಬಾಟಲಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.

ವಜ್ರಬೆನ್ನಿನ ಪತಂಗ ಇಷ್ಟು ಬೇಗ ಗಟ್ಟಿಯಾಗುವುದೇಕೆ ಎಂದರೆ, ಅದಕ್ಕೆ ಕೋಸು-ಸಾಸಿವೆ ಕುಟುಂಬದ ಗಿಡ ಬಿಟ್ಟು ಬೇರೆ ಊಟವಿಲ್ಲ, ಆ ಹೊಲಗಳಿಗೆಲ್ಲ ಎಣ್ಣಿ ಬಿದ್ದಿರುತ್ತದೆ. ತೊಗರಿಯ ಹುಳಕ್ಕಿರುವ ಜೋಳದ ತೆನೆ ಇದಕ್ಕಿಲ್ಲ. ಬೆಚ್ಚನೆಯ ಹವೆಯಲ್ಲಿ ಎರಡೂವರೆ ವಾರಕ್ಕೊಂದು ಪೀಳಿಗೆ ಬೇರೆ.

ಬಾದಾಮಿ ತಾಲ್ಲೂಕಿನಿಂದ: ಮೆಣಸಿನಕಾಯಿ ಥ್ರಿಪ್ಸಿಗೆ ಔಷಧ ಬದಲಿಸಿ ಬದಲಿಸಿಯೇ ಹೊಡೆಯುತ್ತೇವೆ. ಕಾನ್ಫಿಡಾರ್, ಆಮೇಲೆ ಆಕ್ಟಾರಾ, ಆಮೇಲೆ ಮಾಣಿಕ್. ಆದರೂ ಮುಟುರು (ಎಲೆ ಮುದುಡುವುದು) ನಿಲ್ಲುತ್ತಿಲ್ಲ.

ನೀವು ಬದಲಿಸಿದ್ದು ಬಾಟಲಿ, ಔಷಧವಲ್ಲ. ಮೊದಲನೆಯದರಲ್ಲಿರುವುದು ಇಮಿಡಾಕ್ಲೋಪ್ರಿಡ್, ಎರಡನೆಯದರಲ್ಲಿ ಥಯಾಮೆಥೊಕ್ಸಾಮ್, ಮೂರನೆಯದರಲ್ಲಿ ಅಸಿಟಾಮಿಪ್ರಿಡ್. ಮೂರೂ ನಿಯೊನಿಕೊಟಿನಾಯ್ಡ್‌ಗಳು, ಹುಳದ ನರದ ಒಂದೇ ಬೀಗಕ್ಕೆ ಮೂರು ಅಂಗಡಿಯಲ್ಲಿ ಕೆತ್ತಿದ ಕೀಲಿಕೈಗಳು. ಬೀಗ ಬದಲಾದರೆ ಮೂರೂ ಒಟ್ಟಿಗೇ ಕೆಲಸಕ್ಕೆ ಬಾರದಂತಾಗಬಹುದು.

ಕೀಟನಾಶಕ ನಿರೋಧಕತೆಯ ಮೇಲೆ ಕೆಲಸ ಮಾಡುವ ಐರಾಕ್ ಎಂಬ ಅಂತರರಾಷ್ಟ್ರೀಯ ಸಮಿತಿ 1984ರಿಂದ ಇದೆ. ಔಷಧ ಹುಳದ ಮೈಯಲ್ಲಿ ಎಲ್ಲಿ ಪೆಟ್ಟು ಹಾಕುತ್ತದೆ ಎಂಬುದರ ಮೇಲೆ ಅದು ಪ್ರತಿಯೊಂದಕ್ಕೂ ಗುಂಪಿನ ಸಂಖ್ಯೆ ಕೊಟ್ಟಿದೆ. ನಿಮ್ಮ ಮೂರೂ 4ಎ. ಪ್ರೊಫೆನೊಫಾಸ್, ಅಸಿಫೇಟ್ 1ಬಿ. ಲ್ಯಾಂಬ್ಡಾ ಸೈಹಲೋಥ್ರಿನ್, ಸೈಪರ್‌ಮೆಥ್ರಿನ್ 3ಎ. ಫಿಪ್ರೊನಿಲ್ 2ಬಿ. ಸ್ಪಿನೊಸಾಡ್, ಸ್ಪಿನೆಟೊರಾಮ್ 5. ಎಮಾಮೆಕ್ಟಿನ್ 6. ಡಯಾಫೆಂಥಿಯೂರಾನ್ 12ಎ. ಕ್ಲೋರ್‌ಫೆನಪೈರ್ 13. ಇಂಡಾಕ್ಸಾಕಾರ್ಬ್ 22ಎ. ಡೈಮೈಡ್‌ಗಳೆಲ್ಲ 28. ಅಂಗಡಿಯಲ್ಲಿ ಬ್ರ್ಯಾಂಡ್ ಹೆಸರು ಬಿಟ್ಟು, ಅದರಡಿ ಸಣ್ಣಕ್ಷರದಲ್ಲಿರುವ ಸಾಮಾನ್ಯ ಹೆಸರು ಓದಿ ಈ ಸಂಖ್ಯೆಗೆ ಹೊಂದಿಸಿ. ಬಾಟಲಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ನೋಡಿ "ಬೇರೆ ಬಣ್ಣ, ಬೇರೆ ಔಷಧ" ಎನ್ನುವವರಿದ್ದಾರೆ. ಆ ಬಣ್ಣ ಮನುಷ್ಯನಿಗೆ ಎಷ್ಟು ವಿಷ ಎಂಬುದನ್ನು ಹೇಳುತ್ತದೆ, ಗುಂಪನ್ನಲ್ಲ.

ಹುಳದ ಔಷಧದಲ್ಲೂ ಇದೇ ಮೋಸ ಹೋಗುವುದುಂಟು. ಕೊರಾಜೆನ್, ಫೇಮ್, ಬೆನೆವಿಯಾ ಮೂರೂ 28. ಆಂಪ್ಲಿಗೋ ಎಂದರೆ 28ರ ಜೊತೆ 3ಎ. 2022ರ ಆಗಸ್ಟ್‌ನಲ್ಲಿ ಕ್ಲೋರಾಂಟ್ರನಿಲಿಪ್ರೋಲ್ ಪೇಟೆಂಟ್ ಮುಗಿದ ಮೇಲಂತೂ ಅದೇ ಔಷಧ ಹತ್ತಾರು ಹೆಸರಿನಲ್ಲಿ ಬಂದಿದೆ.

ಥ್ರಿಪ್ಸಿನ ವಿಷಯದಲ್ಲಿ ಇನ್ನೆರಡು ಮಾತು. ಥ್ರಿಪ್ಸ್, ಬಿಳಿನೊಣ, ಕೆಂಪು ನುಸಿ ಇವುಗಳ ಗಂಡು ಹುಟ್ಟುವುದು ಫಲವಾಗದ ಮೊಟ್ಟೆಯಿಂದ. ಹಾಗಾಗಿ ಗಂಡಿನಲ್ಲಿ ಜೀನಿನ ಒಂದೇ ಪ್ರತಿ. ಮೇಲೆ ಹೇಳಿದ 'ತಸ' ಎಂಬ ಮರೆ ಅಲ್ಲಿಲ್ಲ. ಗಂಡು 'ತ' ಆಗಿದ್ದರೆ ಬದುಕಿತು, 'ಸ' ಆಗಿದ್ದರೆ ಸತ್ತಿತು. ಎಣ್ಣಿ ಬಿದ್ದ ಮೊದಲ ದಿನದಿಂದಲೇ ಆಯ್ಕೆ ಶುರು.

ಎರಡನೆಯದು, ಅದು ಯಾವ ಥ್ರಿಪ್ಸ್ ಎಂದು ನೋಡಿದಿರಾ? 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿಗೆ ದಾಳಿಯಿಟ್ಟ ಕಪ್ಪು ಥ್ರಿಪ್ಸ್ ಹೆಚ್ಚಾಗಿ ಹೂವಿನೊಳಗೆ ಕೂರುತ್ತದೆ. ನಮ್ಮ ಹಳೆಯ, ಹಳದಿ ಬಣ್ಣದ ಥ್ರಿಪ್ಸ್ ಚಿಗುರೆಲೆಯಲ್ಲಿ ಕೂತು ಎಲೆಯನ್ನು ಮೇಲ್ಮುಖ ದೋಣಿಯಂತೆ ಮುದುಡಿಸುತ್ತದೆ. ಬೆಳಿಗ್ಗೆ ಹತ್ತು ಹೂ ಕಿತ್ತು ಬಿಳಿ ಹಾಳೆಯ ಮೇಲೆ ಕೊಡವಿ. ಕಪ್ಪು ಚುಕ್ಕೆಗಳು ಓಡಾಡಿದರೆ ನಿಮ್ಮ ಕೀಟವೇ ಬದಲಾಗಿದೆ. ಎಲೆ ಕೆಳಮುಖವಾಗಿ ಮಡಚಿದ್ದರೆ ಅದು ನುಸಿ, ಥ್ರಿಪ್ಸೇ ಅಲ್ಲ. ನುಸಿಗೆ ಇಮಿಡಾಕ್ಲೋಪ್ರಿಡ್ ಎಷ್ಟು ಹೊಡೆದರೂ ಅಷ್ಟೆ.

ಬೈಲಹೊಂಗಲದಿಂದ: ಬಿಟಿ ಹತ್ತಿಗೆ ಕಾಯಿಕೊರಕ ಬರೋದಿಲ್ಲ ಅಂತಿದ್ದರು. ಈಗ ಕಾಯಿ ಒಡೆದರೆ ಗುಲಾಬಿ ಹುಳ. ಬೀಜವೇ ಕೆಟ್ಟಿತೇ?

ಬೀಜ ಕೆಟ್ಟಿಲ್ಲ, ಹುಳ ಗೆದ್ದಿದೆ. ಬಿಟಿ ಹತ್ತಿ ಎಂದರೆ ಬ್ಯಾಕ್ಟೀರಿಯಾದ ಜೀನು ಸೇರಿಸಿದ, ಹುಳದ ವಿಷವನ್ನು ಗಿಡವೇ ತಯಾರಿಸುವ ಹತ್ತಿ. ಕ್ರೈ 1ಎಸಿ ಎಂಬ ಒಂದು ವಿಷದ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಕ್ರೈ 2ಎಬಿ ಕೂಡಿಸಿದ ಎರಡು ವಿಷದ್ದು ಬಂದದ್ದು 2006ರಲ್ಲಿ. ಗುಜರಾತಿನ ಅಮ್ರೇಲಿಯಲ್ಲಿ 2008ರಲ್ಲಿ ಹಿಡಿದ ಗುಲಾಬಿ ಕಾಯಿಕೊರಕ ಮೊದಲ ವಿಷವನ್ನು ತಾಳಿಕೊಂಡಿತ್ತು. ಆಮೇಲಿನ ವರ್ಷಗಳಲ್ಲಿ ಎರಡನೆಯದೂ ಸೋತಿತು. ಹುಳದ ಕರುಳಿನಲ್ಲಿ ಈ ವಿಷ ಅಂಟಿಕೊಳ್ಳುವ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನ ಜೀನು ಮುರಿದಿದ್ದರೆ ಕ್ರೈ 1ಎಸಿ ಹಿಡಿಯಲು ಗೂಟವೇ ಇರುವುದಿಲ್ಲ. ಎಬಿಸಿಎ2 ಎಂಬ ಜೀನು ಮುರಿದರೆ ಕ್ರೈ 2ಎಬಿಗೆ ಅದೇ ಗತಿ.

ಈ ಹುಳವೇ ಯಾಕೆ ಗೆದ್ದಿತು ಎಂಬುದಕ್ಕೆ ಕಾಯನ್ನೇ ಬಿಡಿಸಿ ನೋಡಬೇಕು. ನಾವು ಬಿತ್ತುವುದು ಹೈಬ್ರಿಡ್. ಬಿಟಿ ಜೀನು ಬರುವುದು ಸಾಮಾನ್ಯವಾಗಿ ಅದರ ಒಬ್ಬ ಪಾಲಕನಿಂದ. ಗಿಡದ ಎಲೆ, ಕಾಂಡ, ಕಾಯಿಯ ಸಿಪ್ಪೆ ಎಲ್ಲದರಲ್ಲೂ ಎರಡೂ ವಿಷ ಇವೆ. ಆದರೆ ಆ ಗಿಡದ ಕಾಯೊಳಗಿನ ಬೀಜ ಮುಂದಿನ ಪೀಳಿಗೆ, ಅಲ್ಲಿ ಜೀನು ಬೇರ್ಪಡುತ್ತದೆ. ಲೆಕ್ಕದ ಪ್ರಕಾರ 16 ಬೀಜದಲ್ಲಿ 9ಕ್ಕೆ ಎರಡೂ ವಿಷ, 3ಕ್ಕೆ ಒಂದು, ಇನ್ನು 3ಕ್ಕೆ ಮತ್ತೊಂದು, ಒಂದಕ್ಕೆ ಯಾವುದೂ ಇಲ್ಲ. ಗುಲಾಬಿ ಹುಳ ತಿನ್ನುವುದು ಬೀಜವನ್ನೇ. ಒಂದೇ ಕಾಯಿಯಲ್ಲಿ ಅದಕ್ಕೆ ಪೂರ್ತಿ ಡೋಸ್, ಅರೆ ಡೋಸ್, ಸೊನ್ನೆ ಡೋಸ್ ಎಲ್ಲ ಬಡಿಸಿಟ್ಟಂತಾಯಿತು. ಮೊದಲ ಉತ್ತರದ 'ತಸ' ಹುಳ ಬದುಕಲು ಇದಕ್ಕಿಂತ ಒಳ್ಳೆಯ ಛತ್ರ ಬೇಕೆ? ಜೊತೆಗೆ, 450 ಗ್ರಾಂ ಬಿಟಿ ಬೀಜದೊಂದಿಗೆ ಬರುತ್ತಿದ್ದ 120 ಗ್ರಾಂ ಬಿಟಿಯಲ್ಲದ ಬೀಜದ ಪೊಟ್ಟಣವನ್ನು ಸುತ್ತ ಬಿತ್ತಿದವರು ಕಮ್ಮಿ. 'ಸಸ' ಪತಂಗ ಬೆಳೆಯಲೆಂದು ಕೊಟ್ಟ ಸಾಲು ಅದು. ನಾವು ಅದನ್ನು ಮೂಲೆಗೆಸೆದೆವು.

ಈಗ ಮಾಡಬೇಕಾದದ್ದು: ಬಿತ್ತಿದ 45 ದಿನಕ್ಕೆ ಎಕರೆಗೆ 2 ಮೋಹಕ ಬಲೆ, ಗುಲಾಬಿ ಕಾಯಿಕೊರಕದ ಲ್ಯೂರ್ (ಗಂಡು ಪತಂಗವನ್ನು ಸೆಳೆಯುವ ವಾಸನೆಯ ತುಂಡು) ಹಾಕಿ, ಗಿಡದ ತುದಿಗಿಂತ ತುಸು ಮೇಲೆ. ಗಿಡ ಬೆಳೆದಂತೆ ಬಲೆಯನ್ನೂ ಏರಿಸಬೇಕು, ಮರೆತರೆ ಬಲೆ ಎಲೆಯೊಳಗೆ ಮುಳುಗಿ ಸೊನ್ನೆ ತೋರಿಸುತ್ತದೆ. ಬಲೆಗೆ ದಿನಕ್ಕೆ 8 ಪತಂಗ, ಸತತ ಮೂರು ರಾತ್ರಿ ಬಿದ್ದರೆ ಕ್ರಮಕ್ಕೆ ಇಳಿಯಿರಿ. ಪಕಳೆ ಬಿಚ್ಚದೆ ಗುಲಾಬಿ ಮೊಗ್ಗಿನಂತೆ ಮುದುಡಿದ ಹೂ ಕಂಡರೆ ಕಿತ್ತು ನಾಶಮಾಡಿ. ಅಲ್ಲಲ್ಲಿಂದ 20 ಹಸಿರು ಕಾಯಿ ಕಿತ್ತು ಒಡೆಯಿರಿ. ಎರಡರಲ್ಲಿ ಹುಳ ಇದ್ದರೆ ಸಿಂಪಡಿಸುವ ಸಮಯ. ಮೊದಲ ಮೂರೂವರೆ ನಾಲ್ಕು ತಿಂಗಳು ಪೈರೆತ್ರಾಯ್ಡ್ ಮುಟ್ಟಬೇಡಿ, ಬಿಳಿನೊಣ ಎದ್ದುಬಿಡುತ್ತದೆ. ಕಾಲುವೆ ನೀರಿದೆ ಎಂದು ಮಲಪ್ರಭೆಯ ಕೆಳಗೆ ಹತ್ತಿಯನ್ನು ಫೆಬ್ರುವರಿ-ಮಾರ್ಚ್‌ವರೆಗೆ ಎಳೆಯುವುದೇ ದೊಡ್ಡ ತಪ್ಪು. ಹುಳಕ್ಕೆ ಹತ್ತಿ ಬಿಟ್ಟು ಹೆಚ್ಚಿನ ಆಸರೆ ಇಲ್ಲ, ಡಿಸೆಂಬರಿಗೆ ಬೆಳೆ ಮುಗಿಸಿ ಕಟ್ಟಿಗೆ ತೆಗೆದರೆ ಸರಪಳಿ ತುಂಡಾಗುತ್ತದೆ.

ಬಾಗಲಕೋಟೆಯ ವಿದ್ಯಾರ್ಥಿಯಿಂದ: ಪ್ರಾಜೆಕ್ಟಿಗೆ ನಿರೋಧಕತೆಯ ಸಮೀಕ್ಷೆ ಕೊಟ್ಟಿದ್ದಾರೆ. ಎಷ್ಟು ಹುಳ ಬೇಕು? ಎಲ್‌ಸಿ 50 ಸಾಕೇ, ಡಿಎನ್‌ಎ ಪರೀಕ್ಷೆಯೂ ಬೇಕೇ?

ಪ್ರಶ್ನೆ ಏನೆಂಬುದರ ಮೇಲೆ ಉತ್ತರ. ಎಲ್‌ಸಿ 50 ಎಂದರೆ ಅರ್ಧದಷ್ಟು ಹುಳವನ್ನು ಕೊಲ್ಲುವ ಸಾಂದ್ರತೆ. ಐದರಿಂದ ಏಳು ಸಾಂದ್ರತೆ, ಪ್ರತಿಯೊಂದಕ್ಕೂ 30–40 ಹುಳ, ನೀರಿನದು ಬೇರೆ, ಆಮೇಲೆ ಸಾಂದ್ರತೆಗೂ ಸಾವಿಗೂ ಇರುವ ಸಂಬಂಧ ಅಳೆಯುವ ಪ್ರೊಬಿಟ್ ವಿಶ್ಲೇಷಣೆ. ಹೊಲದ ಹುಳದ ಎಲ್‌ಸಿ 50ನ್ನು ಔಷಧ ಕಾಣದೆ ಬೆಳೆದ ಪ್ರಯೋಗಾಲಯದ ತಳಿಯದರಿಂದ ಭಾಗಿಸಿದರೆ ನಿರೋಧಕತೆಯ ಅನುಪಾತ. ತಳಿ ಇಲ್ಲದೆ ಭಾಗಿಸಲು ಏನೂ ಇರುವುದಿಲ್ಲ, ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯಾದ ಬೆಂಗಳೂರಿನ ಎನ್‌ಬಿಎಐಆರ್‌ಗೆ ಮೊದಲೇ ಬರೆದು ವಿಚಾರಿಸಿ. ನೀರಿನಲ್ಲಿ ಸತ್ತವರನ್ನು ಕಳೆಯಲು ಅಬಟ್ ಅವರ 1925ರ ಸೂತ್ರ. ಔಷಧದಲ್ಲಿ ಶೇ. 70, ನೀರಿನಲ್ಲಿ ಶೇ. 10 ಸತ್ತರೆ, 60ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿ, ಶೇ. 66.7.

ಆದರೆ ಎಲ್‌ಸಿ 50 ನಡುವಿನ ಹುಳದ ಕತೆ ಹೇಳುತ್ತದೆ. ನಿರೋಧಕತೆ ಶುರುವಾಗುವುದು ಅಂಚಿನಲ್ಲಿ. ನೂರಕ್ಕೊಂದು ಹುಳ ಗಟ್ಟಿಯಾಗಿದ್ದಾಗ ಎಲ್‌ಸಿ 50 ಅಲುಗುವುದೇ ಇಲ್ಲ. ಅದನ್ನು ಹಿಡಿಯಲು ಸಾಮಾನ್ಯ ಹುಳದಲ್ಲಿ ಶೇ. 99ನ್ನು ಕೊಲ್ಲುವ ಒಂದೇ ಸಾಂದ್ರತೆಯನ್ನೋ ಅದಕ್ಕಿಂತ ತುಸು ಹೆಚ್ಚಿನದನ್ನೋ ಇಟ್ಟುಕೊಂಡು ಹುಳದ ಸಂಖ್ಯೆ ಹೆಚ್ಚಿಸಬೇಕು. ನೂರಕ್ಕೊಂದು ಇರುವಾಗ 30 ಹುಳ ಪರೀಕ್ಷಿಸಿದರೆ ಅಂಥದ್ದೊಂದು ನಿಮ್ಮ ಕೈಗೆ ಸಿಗುವ ಸಾಧ್ಯತೆ ಶೇ. 26 ಮಾತ್ರ. ಶೇ. 95ರ ಖಾತ್ರಿ ಬೇಕಾದರೆ 300 ಹುಳ. "30 ಹುಳದಲ್ಲಿ ಒಂದೂ ಉಳಿಯಲಿಲ್ಲ, ಆದ್ದರಿಂದ ನಿರೋಧಕತೆ ಇಲ್ಲ" ಎಂದು ಬರೆದ ಪ್ರಬಂಧ ಏನನ್ನೂ ಸಾಬೀತು ಮಾಡಿಲ್ಲ.

ಡಿಎನ್‌ಎ ಪರೀಕ್ಷೆಯ ಬೆಲೆ ಇರುವುದು 'ತಸ' ಹುಳವನ್ನು ತೋರಿಸುವುದರಲ್ಲಿ. ನಿರೋಧಕತೆ ಹಿಂಜರಿಯುವ ಗುಣವಾಗಿದ್ದರೆ, ಅಂದರೆ ಎರಡೂ ಪ್ರತಿ 'ತ' ಆದಾಗ ಮಾತ್ರ ಕಾಣುವಂಥದ್ದಾಗಿದ್ದರೆ, 'ತಸ' ಸಾಯುತ್ತದೆ, ಎಲೆ ಅದ್ದುವ ಪರೀಕ್ಷೆಗೆ ಅದು ಕಾಣುವುದಿಲ್ಲ. ಪೈರೆತ್ರಾಯ್ಡ್‌ಗೆ ಅದು ಪೆಟ್ಟು ಹಾಕುವ ನರದ ಸೋಡಿಯಂ ನಾಳದ 1014ನೇ ಸ್ಥಾನದಲ್ಲಿ ಲ್ಯೂಸೀನ್ ಹೋಗಿ ಫಿನೈಲ್‌ಅಲನೀನ್ ಬಂದಿದೆಯೇ, ಡೈಮೈಡ್‌ಗೆ ವಜ್ರಬೆನ್ನಿನ ಪತಂಗದ ಸ್ನಾಯುವಿನ ರಯನೊಡೀನ್ ಗ್ರಾಹಕದ 4946ನೇ ಸ್ಥಾನದಲ್ಲಿ ಗ್ಲೈಸೀನ್ ಜಾಗಕ್ಕೆ ಗ್ಲುಟಾಮಿಕ್ ಆಮ್ಲ ಬಂದಿದೆಯೇ ಎಂದು ಈ ಪರೀಕ್ಷೆ, ಅಂದರೆ ಪಿಸಿಆರ್, ಹೇಳುತ್ತದೆ. ಆದರೆ ನೀವು ಕೇಳಿದ ಬದಲಾವಣೆಯನ್ನು ಮಾತ್ರ ಹೇಳುತ್ತದೆ. ಹುಳ ಬೇರೆ ದಾರಿ ಹಿಡಿದು, ಕಿಣ್ವದಿಂದ ಔಷಧ ಕರಗಿಸುತ್ತಿದ್ದರೆ ಪಿಸಿಆರ್ "ಎಲ್ಲ ಸರಿ" ಎನ್ನುತ್ತದೆ. ಹಾಗಾಗಿ ಅಂಥ ಕಿಣ್ವಗಳನ್ನು ತಡೆಯುವ ಪಿಪರೊನೈಲ್ ಬ್ಯುಟಾಕ್ಸೈಡನ್ನು ಔಷಧದ ಜೊತೆ ಕೊಟ್ಟು ಒಂದು ಸಾಲು ಪರೀಕ್ಷೆ ಮಾಡಿ. ಅದರೊಂದಿಗೆ ಸಾವು ಏರಿದರೆ ಔಷಧ ಕರಗಿಸುವ ಪಿ450 ಎಂಬ ಕಿಣ್ವಗಳ ಮೇಲೆ ಅನುಮಾನ.

ತೀರಾ ಅಪರೂಪದ ಜೀನಿಗೆ ಇನ್ನೊಂದು ವಿಧಾನವಿದೆ. ಹೊಲದಲ್ಲಿ ಕೂಡಿ ಬಂದ ಒಂದು ಹೆಣ್ಣು ಪತಂಗ ಹಿಡಿದು, ಅದರ ಮಕ್ಕಳನ್ನು ತಮ್ಮತಮ್ಮಲ್ಲೇ ಕೂಡಿಸಿ ಮೊಮ್ಮಕ್ಕಳನ್ನು ಪರೀಕ್ಷಿಸುವುದು. ಆ ಹೆಣ್ಣು ಮತ್ತದರ ಗಂಡಿನ ನಾಲ್ಕು ಪ್ರತಿಯಲ್ಲಿ ಒಂದು 'ತ' ಇದ್ದರೂ ಮೊಮ್ಮಕ್ಕಳಲ್ಲಿ 16ಕ್ಕೆ ಒಂದು 'ತತ' ಆಗಿ ಕಾಣಿಸುತ್ತದೆ. ಶ್ರಮದ ಕೆಲಸ. ಒಂದು ಸೆಮಿಸ್ಟರಿಗೆ ನಾವು ಸೂಚಿಸುವುದಿಲ್ಲ.

ತಿಕೋಟಾದಿಂದ: ದ್ರಾಕ್ಷಿಗೆ ಮೂರು ಔಷಧ ಒಟ್ಟಿಗೆ ಕಲಸಿ ಹೊಡೆದರೆ ನಿರೋಧಕತೆ ಬರುವುದಿಲ್ಲವಂತೆ, ನಿಜವೇ?

ಅರ್ಧ ನಿಜ, ಅದೂ ಕಾಗದದ ಮೇಲೆ. ಬೇರೆ ಬೇರೆ ಗುಂಪಿನ ಎರಡು ಔಷಧ, ಎರಡೂ ಒಂಟಿಯಾಗಿಯೂ ಆ ಕೀಟವನ್ನು ಚೆನ್ನಾಗಿ ಕೊಲ್ಲುವಂಥವು, ಎರಡೂ ಪೂರ್ಣ ಡೋಸ್, ಎರಡರ ಶಕ್ತಿಯೂ ಎಲೆಯ ಮೇಲೆ ಹೆಚ್ಚುಕಡಿಮೆ ಅಷ್ಟೇ ದಿನ ಉಳಿಯಬೇಕು. ಆಗ ಮಾತ್ರ. ಊರಲ್ಲಿ ನಡೆಯುವುದು ಅರ್ಧರ್ಧ ಡೋಸಿನ ಮಿಶ್ರಣ. ಅದರಿಂದ ಮೂರಕ್ಕೂ ಒಟ್ಟಿಗೆ 'ತಸ' ಸಾಕಿದಂತಾಗುತ್ತದೆ. ದ್ರಾಕ್ಷಿಗಂತೂ ಉಳಿಕೆಯ ಪ್ರಶ್ನೆಯಿದೆ. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಈ ವರ್ಷದ ಪಟ್ಟಿಯಲ್ಲಿಲ್ಲದ್ದನ್ನು ಮುಟ್ಟಬೇಡಿ, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳನ್ನು ಅಲ್ಲೇ ನೋಡಿ.

ಅಥಣಿಯಿಂದ: ಹುಳದ ಮಾದರಿ ಎಲ್ಲಿಗೆ, ಹೇಗೆ ಕಳಿಸಬೇಕು?

ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಮಾಡಿ: ಬೆಳಗಾವಿ ಜಿಲ್ಲೆಗೆ ಮತ್ತಿಕೊಪ್ಪ ಮತ್ತು ತುಕ್ಕಾನಟ್ಟಿ, ವಿಜಯಪುರಕ್ಕೆ ಹಿಟ್ಟಿನಹಳ್ಳಿ ಮತ್ತು ಇಂಡಿ. ಅವರ ಮೂಲಕ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗವನ್ನೋ, ತೋಟಗಾರಿಕೆ ಬೆಳೆಯಾದರೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವನ್ನೋ ವಿಚಾರಿಸಿ. ಹೇಳದೆ ಕಳಿಸಿದ ಹುಳ ಟಪಾಲಿನಲ್ಲೇ ಸಾಯುತ್ತದೆ. ಔಷಧ ಪರೀಕ್ಷೆಗೆ ಜೀವಂತ ಹುಳ ಬೇಕು, ಡಿಎನ್‌ಎಗೆ ಶೇ. 95ರ ಎಥನಾಲ್‌ನಲ್ಲಿ ಮುಳುಗಿಸಿದ ಸತ್ತ ಹುಳ ನಡೆಯುತ್ತದೆ. ಫಾರ್ಮಲಿನ್ ಹಾಕಿದರೆ ಕೆಟ್ಟಿತು. ತೊಗರಿ, ಕಡಲೆಯ ಕಾಯಿಕೊರಕವನ್ನು ಒಂದೇ ಡಬ್ಬಿಗೆ ತುಂಬಬೇಡಿ, ಒಂದನ್ನೊಂದು ತಿನ್ನುತ್ತವೆ. ಒಂದಕ್ಕೊಂದು ಸಣ್ಣ ಡಬ್ಬಿ, ಒಳಗೆ ಕಡಲೆ ಗಿಡದ ಎರಡು ಹಸಿ ಕಾಯಿ, ಮುಚ್ಚಳಕ್ಕೆ ಸೂಜಿಯ ತೂತು. ಗುಲಾಬಿ ಹುಳಕ್ಕೆ ಕಾಯಿ ಸಮೇತ, ಬಟ್ಟೆ ಚೀಲದಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುತ್ತದೆ. ಚೀಟಿಯಲ್ಲಿ ಊರು, ಬೆಳೆ, ತಳಿ, ಬಿತ್ತಿದ ದಿನ, ಹುಳ ಹಿಡಿದ ದಿನ, ಈ ಹಂಗಾಮಿನಲ್ಲಿ ಹೊಡೆದ ಪ್ರತಿ ಔಷಧದ ಸಾಮಾನ್ಯ ಹೆಸರು, ಅಳತೆ, ತಾರೀಖು ಬರೆಯಿರಿ. ನೆನಪಿಲ್ಲದಿದ್ದರೆ ಅಂಗಡಿಯ ಬಿಲ್ಲುಗಳ ನಕಲನ್ನೇ ಡಬ್ಬಿಗೆ ಸುತ್ತಿ ಕಳಿಸಿ.